ಕೊನೆಗೊಂದು ಕೊಟ್ಟೆ

ರೋಹಿಣಿ ಮಳೆಯ ನಾಲ್ಕು ಹನಿ ಬಿದ್ದ ಮಾರನೆಯ ದಿನ ನಮ್ಮ ಕಡೆ ದಾರಿಯಲ್ಲಿ ಸಿಕ್ಕವರು ಕೇಳುವ ಮೊದಲ ಮಾತು ‘ಕೊಟ್ಟೆ ಕಟ್ಟಿ ಆಯ್ತಾ?’ ಊಟ, ತಿಂಡಿ, ಮಕ್ಕಳ ಶಾಲೆ ಎಲ್ಲ ಆಮೇಲೆ. ಸಾಗರ, ಹೊಸನಗರ, ತೀರ್ಥಹಳ್ಳಿಯ ಅಡಿಕೆ ತೋಟದವರಿಗೆ ಆ ಒಂದು ಪ್ರಶ್ನೆಯಲ್ಲಿ ಇಡೀ ವರ್ಷದ ಸಾಲ, ಮದುವೆ, ಮನೆ ರಿಪೇರಿ ಎಲ್ಲವೂ ಅಡಗಿರುತ್ತದೆ. ‘ಇಲ್ಲ ಮಾರಾಯ, ಮೇಲಿನ ತೋಟ ಬಾಕಿ ಇದೆ’ ಎಂದು ಉತ್ತರ ಬಂದರೆ ಕೇಳಿದವರೂ ಒಂದು ಗಳಿಗೆ ಆಕಾಶ ನೋಡುತ್ತಾರೆ.

ಕೊಟ್ಟೆ ಎಂದರೆ ಅಡಿಕೆ ಕೊನೆಗೆ, ಅಂದರೆ ಗೊನೆಗೆ, ತೊಡಿಸುವ ಮಳೆಯಂಗಿ. ಕೊಟ್ಟೆ ಕಡುಬು ತಿಂದವರಿಗೆ ಪದ ಹೊಸದಲ್ಲ. ಹಲಸಿನ ಎಲೆಗಳನ್ನು ಕಡ್ಡಿ ಚುಚ್ಚಿ ಜೋಡಿಸಿ ಮಾಡಿದ ದೊನ್ನೆಯೂ ಕೊಟ್ಟೆಯೇ. ಅಡುಗೆಮನೆಯ ಕೊಟ್ಟೆ ಬಾಯಿ ಮೇಲೆ ಮಾಡಿ ಹಿಟ್ಟನ್ನು ಹಿಡಿದಿಡುತ್ತದೆ. ತೋಟದ ಕೊಟ್ಟೆ ಬಾಯಿ ಕೆಳಗೆ ಮಾಡಿ, ನಲವತ್ತು ಐವತ್ತು ಅಡಿ ಎತ್ತರದಲ್ಲಿ, ಮೂರು ತಿಂಗಳು ಮಳೆಯನ್ನು ಹೊರಗಿಡುತ್ತದೆ. ಒಂದು ಕೊನೆಗೆ ಒಂದು ಕೊಟ್ಟೆ. ಕೇಳಲು ಸುಲಭ, ಕೂಡಿಸಿದರೆ ಎದೆ ಝಲ್ಲೆನ್ನುತ್ತದೆ. ಮರದಿಂದ ಮರಕ್ಕೆ 9 ಅಡಿ ಅಂತರ ಬಿಟ್ಟು ನೆಟ್ಟರೂ ಎಕರೆಗೆ ಸುಮಾರು 540 ಮರ. ಮರಕ್ಕೆ ಮೂರೇ ಕೊನೆ ಎಂದುಕೊಂಡರೂ 1,600 ಕೊಟ್ಟೆ. ಅಷ್ಟನ್ನೂ ನೆಲದ ಮೇಲೆ ಕೂತು ಹೆಣೆಯಬೇಕು, ಮರದ ಮೇಲೆ ಹೋಗಿ ಕಟ್ಟಬೇಕು, ಮಳೆ ಮುಗಿದ ಮೇಲೆ ಬಿಚ್ಚಬೇಕು, ಬಿಚ್ಚಿದ್ದರಲ್ಲಿ ಬಾಳುವಂಥದ್ದನ್ನು ಆರಿಸಿ ಸರಿಮಾಡಿ ಇಡಬೇಕು. ಅದನ್ನು ಮಾಡಿಕೊಂಡು ಬಂದ ಕೈಗಳ ಬಗ್ಗೆ ಬರೆಯಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ.

ಮೊದಲು ಈ ಶ್ರಮ ಏಕೆ ಎಂಬುದು. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,600 ಮಿಲಿಮೀಟರ್ ಆಸುಪಾಸು ಮಳೆ. ಬೆಂಗಳೂರಿನ ಏಳೆಂಟು ವರ್ಷದ ಮಳೆ ಅಲ್ಲಿ ಒಂದೇ ವರ್ಷಕ್ಕೆ, ಅದರಲ್ಲೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುತ್ತದೆ. ಹೊಸನಗರ ತಾಲ್ಲೂಕಿನ ಹುಲಿಕಲ್ಲೂ ಅದಕ್ಕೇನೂ ಕಡಿಮೆಯಿಲ್ಲ. ಆರಿದ್ರೆಯಿಂದ ಆಶ್ಲೇಷದವರೆಗೆ, ಅಂದರೆ ಜೂನ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ, ಬಿಸಿಲು ಅತಿಥಿಯಂತೆ ಬಂದು ಹೋಗುತ್ತದೆ. ಈ ಒದ್ದೆಯಲ್ಲಿ ಅಡಿಕೆಗೆ ಬರುವ ಕಾಯಿಲೆಯೇ ಕೊಳೆ. ಮೊದಲು ಕಾಯಿಯ ತೊಟ್ಟಿನ ಹತ್ತಿರ ನೀರು ಕುಡಿದಂತೆ ಒಂದು ಕಪ್ಪು ಹಸಿರು ಕಲೆ. ಕಲೆ ಹಬ್ಬಿ ಕಾಯಿ ಬಣ್ಣಗೆಟ್ಟು ಉದುರುತ್ತದೆ. ಬೆಳಿಗ್ಗೆ ತೋಟಕ್ಕೆ ಹೋದರೆ ಮರದ ಬುಡದಲ್ಲಿ ಬಿಳಿ ಬೂಸಲು ಹೊದ್ದ ಕಾಯಿಗಳು ಬಿದ್ದಿರುತ್ತವೆ. ಆ ವಾಸನೆಯನ್ನು ನಾನು ಯಾವ ಮಾತಿನಲ್ಲೂ ಹೇಳಲಾರೆ. ರೋಗ ತಲೆಗೇರಿದರೆ ಸುಳಿ ಕೊಳೆತು ಮರವೇ ಹೋಗುತ್ತದೆ.

ಇದಕ್ಕೆ ಕಾರಣವಾದ ಜೀವಿಯ ಕುಲದ ಹೆಸರು ಫೈಟಾಫ್ತೊರಾ. ಗ್ರೀಕ್ ಮೂಲದ ಆ ಪದದ ಅರ್ಥ ಗಿಡ ನಾಶಕ. 1845ರಿಂದ ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆಯನ್ನು ಕೊಳೆಸಿ, ಲಕ್ಷಾಂತರ ಜನರನ್ನು ಹಸಿವಿಗೆ ದೂಡಿದ್ದು ಇದೇ ಕುಲದ ಇನ್ನೊಂದು ಜೀವಿ. ನಮ್ಮ ತೋಟದ ಈ ಬಂಧುವಿನ ಬೀಜಕಣಗಳು ನೀರಿನಲ್ಲಿ ಈಜುತ್ತವೆ. ಕಾಯಿಯ ಮೇಲೆ ತೆಳುವಾದ ನೀರಿನ ಪದರ ಇದ್ದರೆ ಸಾಕು, ಅದರಲ್ಲೇ ಸಾಗಿ ಒಳನುಗ್ಗುತ್ತವೆ. ಒಂದು ಕೊನೆಯಿಂದ ಇನ್ನೊಂದಕ್ಕೆ ಅವನ್ನು ಹೊತ್ತೊಯ್ಯುವುದು ಗಾಳಿಗೆ ಸಿಡಿಯುವ ಮಳೆಹನಿ. ಇಷ್ಟು ತಿಳಿದರೆ ಕೊಟ್ಟೆಯ ಕೆಲಸ ಅರ್ಥವಾಗುತ್ತದೆ. ಅದು ಕಾಯಿಯ ಮೈ ಒಣಗಿಸಿ ಇಡಬೇಕು, ಹಾರಿ ಬರುವ ಹನಿಯನ್ನು ತಡೆಯಬೇಕು. ಸೂಕ್ಷ್ಮದರ್ಶಕ ಕಾಣದ ಕಾಲದಲ್ಲೇ ನಮ್ಮ ಹಿರಿಯರು ಈ ಎರಡನ್ನೂ ಕಂಡುಕೊಂಡಿದ್ದರು ಎಂಬುದು ನನಗೆ ಇವತ್ತಿಗೂ ದೊಡ್ಡ ಸಂಗತಿ.

ವಿಜ್ಞಾನ ಬಂದದ್ದು ಆಮೇಲೆ. ಕೆನಡಾದ ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿಯಾಗಿ ಬಂದರು. ಮಲೆನಾಡಿನ ಕೊಳೆಯೇ ಅವರು ಕೈಗೆತ್ತಿಕೊಂಡ ಮೊದಲ ದೊಡ್ಡ ಕೆಲಸಗಳಲ್ಲೊಂದು. 1910ರಲ್ಲಿ ಕೊಳೆರೋಗದ ಮೇಲೆ ಅವರ ವರದಿ ಪ್ರಕಟವಾಯಿತು. ಅವರು ನಮ್ಮ ತೋಟಗಳಿಗೆ ಪರಿಚಯಿಸಿದ ಮದ್ದು ಬೋರ್ಡೋ ದ್ರಾವಣ: 1 ಕಿಲೊ ಮೈಲುತುತ್ತ, 1 ಕಿಲೊ ಸುಣ್ಣ, 100 ಲೀಟರ್ ನೀರು. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕಿತ್ತು ತಿನ್ನದಿರಲಿ ಎಂದು ರೈತರು ಬಳಿಯುತ್ತಿದ್ದ ನೀಲಿ ಬಣ್ಣ ರೋಗವನ್ನೂ ತಡೆಯುತ್ತಿದೆ ಎಂಬುದನ್ನು ಮಿಲಾರ್ಡೆ ಎಂಬ ವಿಜ್ಞಾನಿ ಗಮನಿಸಿ 1885ರಲ್ಲಿ ಲೋಕಕ್ಕೆ ಹೇಳಿದ್ದರು. ಇಪ್ಪತ್ತೈದು ವರ್ಷದಲ್ಲಿ ಅದು ಶರಾವತಿ ದಂಡೆಗೆ ಬಂತು. ಇಂದಿಗೂ ‘ಮದ್ದು ಹೊಡೆಯುವುದು’ ಎಂದರೆ ನಮ್ಮಲ್ಲಿ ಅದೇ.

ಹಾಗಾದರೆ ಕೊಟ್ಟೆ ಏಕೆ ಉಳಿಯಿತು? ಉತ್ತರ ಆಕಾಶದಲ್ಲಿದೆ. ಮದ್ದು ಹೊಡೆದ ಮೇಲೆ ಅದು ಕಾಯಿಯ ಮೈಗೆ ಹಿಡಿದು ಒಣಗಲು ಒಂದಷ್ಟು ಹೊತ್ತು ಮಳೆ ಬಿಡುವು ಕೊಡಬೇಕು. ಮೊದಲ ಸಲ ಮುಂಗಾರಿಗೆ ಮುಂಚೆ ಹೊಡೆಯುವುದು ಕಷ್ಟವಿಲ್ಲ. ನಲವತ್ತು ನಲವತ್ತೈದು ದಿನ ಬಿಟ್ಟು ಎರಡನೆಯ ಸಲ ಹೊಡೆಯಬೇಕಲ್ಲ, ಆಗ ಪುನರ್ವಸುವೋ ಪುಷ್ಯವೋ ನಡೆಯುತ್ತಿರುತ್ತದೆ. ಪಂಪು, ಡ್ರಮ್ಮು, ಕಲಸಿದ ಮದ್ದು, ಆಳು ಎಲ್ಲ ಸಿದ್ಧವಿದ್ದು, ಜಗಲಿಯಲ್ಲಿ ಕೂತು ನಾಲ್ಕು ದಿನ ಮಳೆ ನೋಡಿದವರು ನಮ್ಮ ಪ್ರತಿ ಊರಿನಲ್ಲೂ ಇದ್ದಾರೆ. ಕಲಸಿದ ಮದ್ದನ್ನು ಅಂದೇ ಮುಗಿಸಬೇಕು, ಇಟ್ಟರೆ ಕೆಡುತ್ತದೆ. ಒಮ್ಮೆ ಸರಿಯಾಗಿ ಕಟ್ಟಿದ ಕೊಟ್ಟೆ ಮಾತ್ರ ಯಾವ ಬಿಡುವನ್ನೂ ಕೇಳುವುದಿಲ್ಲ. ಅದಕ್ಕೇ ಘಟ್ಟದ ಅಂಚಿನ, ಮಳೆ ಹೆಚ್ಚಿರುವ ಊರುಗಳಲ್ಲಿ ಅದರ ಮೇಲಿನ ನಂಬಿಕೆ ಹೆಚ್ಚು ಕಾಲ ಉಳಿಯಿತು.

ಕೊಟ್ಟೆಯಲ್ಲಿ ಮುಖ್ಯವಾಗಿ ಎರಡು ಬಗೆ. ಹಾಳೆಯದ್ದು, ಕರಡದ್ದು. ಅಡಿಕೆ ಮರವೇ ಉದುರಿಸುವ ಹಾಳೆಯನ್ನು ನೀರಿನಲ್ಲಿ ನೆನೆಸಿ ಮೆತ್ತಗೆ ಮಾಡಿ, ಬೇಕಾದ ಆಕಾರಕ್ಕೆ ಬಗ್ಗಿಸಿ, ಅಂಚಿಗೆ ಬಿದಿರಿನ ಕಡ್ಡಿ ಚುಚ್ಚಿ ಹೊಲಿದರೆ ಹಾಳೆಕೊಟ್ಟೆ. ಕರಡ ಎಂದರೆ ಬೇಣದಲ್ಲಿ, ಅಂದರೆ ಹುಲ್ಲುಗಾವಲಿನಲ್ಲಿ, ಬೆಳೆಯುವ ಎತ್ತರದ ಹುಲ್ಲು. ಮಳೆಗಾಲ ಮುಗಿದು ಹುಲ್ಲು ಬಲಿತು ಹೊಂಬಣ್ಣಕ್ಕೆ ತಿರುಗಿದಾಗ ಕೊಯ್ದು, ಕಟ್ಟು ಕಟ್ಟಿ ತಂದು ಒಣಗಿಸಿ ಇಡುತ್ತಿದ್ದರು. ದನಕ್ಕೆ ಮೇವೂ ಅದೇ, ಮನೆಯ ಮಾಡಿಗೆ ಹೊದಿಕೆಯೂ ಅದೇ. ಅದರಲ್ಲಿ ಉದ್ದನೆಯ, ನೆಟ್ಟಗಿನ ಎಳೆಗಳನ್ನು ಆರಿಸಿ ಕೊಟ್ಟೆಗೆಂದು ಬೇರೆ ಇಡುವುದು ಮನೆಯ ಹಿರಿಯರ ಕೆಲಸ.

ನಮ್ಮ ಮನೆಯಲ್ಲಿ ಕೊಟ್ಟೆ ಹೆಣೆಯುವುದು ಅಡಿಕೆ ವ್ಯಾಪಾರ ಮುಗಿದು, ಬಿಸಿಲು ಏರಿದ ಮೇಲೆ ಶುರುವಾಗುತ್ತಿತ್ತು. ಹೆಬ್ಬಾಗಿಲ ಪಕ್ಕದ ಜಗಲಿಯೇ ಕಾರ್ಖಾನೆ. ಹಿಂದಿನ ರಾತ್ರಿ ನೀರು ಚಿಮುಕಿಸಿ ಗೋಣಿಯಲ್ಲಿ ಸುತ್ತಿಟ್ಟ ಕರಡ ಬೆಳಿಗ್ಗೆ ಮುರಿಯದೆ ಬಗ್ಗುವ ಹದಕ್ಕೆ ಬಂದಿರುತ್ತಿತ್ತು. ಒಂದು ಹಿಡಿ ತೆಗೆದುಕೊಂಡು ಬುಡಗಳನ್ನು ನೆಲಕ್ಕೆ ತಟ್ಟಿ ಸಮ ಮಾಡಿ, ಕುತ್ತಿಗೆಯ ಹತ್ತಿರ ಬಾಳೆನಾರಿನಿಂದ ಬಿಗಿಯಾಗಿ ಕಟ್ಟಿ, ಉಳಿದದ್ದನ್ನು ಲಂಗದಂತೆ ಹರಡುವುದು. ಆಮೇಲೆ ಎರಡೆಳೆ ನಾರನ್ನು ಒಂದರ ಮೇಲೊಂದು ತಿರುಚುತ್ತ, ಪ್ರತಿ ತಿರುವಿಗೂ ನಾಲ್ಕೈದು ಕಡ್ಡಿ ಹಿಡಿದು ಸುತ್ತಲೂ ಹೆಣೆಯುತ್ತ ಬರುವುದು. ಒಂದು ಸುತ್ತು ಮೇಲೆ, ಒಂದು ನಡುವೆ, ಒಂದು ಕೆಳಗೆ. ಕೆಳಗಿನ ತುದಿ ಮಾತ್ರ ಬಿಡುಬಿಡಾಗಿಯೇ ಇರಬೇಕು. ನಾನು ಹುಡುಗನಾಗಿದ್ದಾಗ ಅಂದ ಕಾಣಲಿ ಎಂದು ತುದಿಯನ್ನೂ ಸುತ್ತಿ ಕಟ್ಟಿದ್ದೆ. ಅಜ್ಜ ಅದನ್ನು ನನ್ನ ಮೂಗಿನ ಮೇಲೆ ಕವಚಿ ಹಿಡಿದು, ‘ಉಸಿರಾಡು ನೋಡಾಣ’ ಎಂದರು. ಅಡಿಕೆಯೂ ಉಸಿರಾಡಬೇಕು ಎಂಬ ಪಾಠ ಅಷ್ಟೇ ಹೊತ್ತಿನಲ್ಲಿ ಮುಗಿಯಿತು.

ಕೊಟ್ಟೆ ಹೆಣೆಯುವವರ ಜಾಣ್ಮೆ ಇರುವುದೇ ಅಲ್ಲಿ. ಬಿಗಿ ಹೆಣೆದರೆ ಒಳಗೆ ಬೆವೆತು ಕಾಯಿ ಕೆಡುತ್ತದೆ. ಸಡಿಲ ಬಿಟ್ಟರೆ ಎರಚಲು ಒಳಬರುತ್ತದೆ. ನೀರು ಹುಲ್ಲಿನ ಎಳೆ ಹಿಡಿದು ಮೇಲಿನಿಂದ ಕೆಳಕ್ಕೆ ಜಾರಿ ತುದಿಯಲ್ಲಿ ಹನಿಯಾಗಿ ಕಳಚಬೇಕು. ಗಾಳಿ ಎಳೆಗಳ ನಡುವೆ ತೂರಿ ಹೋಗಬೇಕು. ಹುಲ್ಲು ಮಾಡಿನ ತತ್ವವೇ ಇದು, ಆದರೆ ಈ ಮಾಡು ತೂಗುತ್ತ ಇರುತ್ತದೆ. ಜಡಿಮಳೆಯ ದಿನ ಅಡಿಕೆ ಮರಗಳು ಒಂದಕ್ಕೊಂದು ತಾಗುವಷ್ಟು ಬಾಗುತ್ತವೆ. ಆ ತೂಗಾಟದಲ್ಲಿ ಕೊಟ್ಟೆ ಕೊನೆಯೊಂದಿಗೆ ತಿರುಗಬೇಕು, ಕೊನೆಯನ್ನು ತಿರುಚಬಾರದು.

ಬಿಚ್ಚಿ ತಂದ ಕೊಟ್ಟೆಗಳನ್ನು ಸರಿಮಾಡುವುದು ಹೊಸದು ಹೆಣೆಯುವುದಕ್ಕಿಂತ ಸೂಕ್ಷ್ಮ ಕೆಲಸ. ಮಳೆ ಮುಗಿದು ಭೂಮಿ ಹುಣ್ಣಿಮೆಯ ಆಚೀಚೆ ಕೊಯ್ಲು ಶುರುವಾಗುವ ಹೊತ್ತಿಗೆ ಅವು ಅಂಗಳಕ್ಕೆ ಬಂದು ಬೀಳುತ್ತಿದ್ದವು. ಕಪ್ಪಗಾಗಿ, ಪಾಚಿ ಹತ್ತಿ, ಗುರುತು ಸಿಗದಂತಾಗಿ. ಬಿಸಿಲಿಗೆ ಒಣಗಿಸಿ ಒಂದೊಂದನ್ನೂ ಕೈಯಲ್ಲಿ ಹಿಡಿದು ಕೊಡವುತ್ತಿದ್ದರು. ಪಡುವಣ ದಿಕ್ಕಿಗಿದ್ದ ಪಕ್ಕ ಯಾವುದು ಎಂದು ಯಾರೂ ಹೇಳಬೇಕಿಲ್ಲ. ಗಾಳಿ ಬಡಿದು ಅಲ್ಲಿನ ಕಡ್ಡಿ ತೆಳ್ಳಗಾಗಿರುತ್ತದೆ. ಮುರಿದ ಎಳೆ ಎಳೆದು ತೆಗೆದು, ದಬ್ಬಣದಿಂದ ಹೆಣಿಗೆ ಸಡಿಲಿಸಿ, ಹೊಸ ಕರಡ ತೂರಿಸಿ, ನಾರು ಮತ್ತೆ ಬಿಗಿಯುವುದು. ಕುತ್ತಿಗೆ ಸವೆದಿದ್ದರೆ ಮಾತ್ರ ಆ ಕೊಟ್ಟೆಗೆ ಇನ್ನು ಆಯಸ್ಸಿಲ್ಲ, ನೇರ ಗೊಬ್ಬರದ ಗುಂಡಿಗೆ. ಗಟ್ಟಿ ಉಳಿದದ್ದು ಅಡುಗೆಮನೆಯ ಹೊಗೆ ತಾಗುವ ಅಟ್ಟಕ್ಕೆ. ಹೊಗೆ ಕುಡಿದ ಹುಲ್ಲಿಗೆ ಹುಳ ಬರುವುದಿಲ್ಲ. ನಮ್ಮ ಅಜ್ಜಿ ತೋಟಕ್ಕೆ ಕೊಟ್ಟೆ ಕಟ್ಟಲು ಎಂದೂ ಹೋದವರಲ್ಲ, ಆದರೆ ದುರಸ್ತಿಯಲ್ಲಿ ಅವರ ಕೈ ಮೀರಿಸುವವರು ಮನೆಯಲ್ಲಿ ಇರಲಿಲ್ಲ. ಹರಿದ ಸೀರೆ ರಫು ಮಾಡುವ ಅದೇ ನಿಧಾನ, ಅದೇ ಮೌನ.

ಹೆಣೆದದ್ದು ಮರ ಏರುವುದು ಕೊನೆಗೌಡನ ಬೆನ್ನ ಮೇಲೆ. ಕೊನೆ ಕೊಯ್ಯುವವರಿಗೆ ನಮ್ಮ ಕಡೆ ಆ ಹೆಸರು. ಪಾದಗಳನ್ನು ಜೋಡಿಸುವ ತಳೆ, ಸೊಂಟಕ್ಕೆ ಕತ್ತಿ, ಹೆಗಲಿಗೆ ಕೊಟ್ಟೆಯ ಕಂತೆ. ಒಂದು ಮರ ಹತ್ತಿದರೆ ಕೆಲಸ ಮುಗಿಯುವವರೆಗೆ ಇಳಿಯುವಂತಿಲ್ಲ. ಒಂದರ ತುದಿಯಲ್ಲಿ ಕಟ್ಟಿ ಮುಗಿಸಿ, ಮರವನ್ನೇ ತೂಗಿ ಬಗ್ಗಿಸಿ, ಪಕ್ಕದ ಮರದ ತಲೆ ಹಿಡಿದು ದಾಟಿಬಿಡುತ್ತಾರೆ. ಹೀಗೆ ಹತ್ತಾರು ಮರ ದಾಟಿ, ನೆಲ ಮುಟ್ಟುವುದು ತೋಟದ ಇನ್ನೊಂದು ಮೂಲೆಯಲ್ಲಿ. ಕೆಳಗಿನಿಂದ ಕತ್ತೆತ್ತಿ ನೋಡುವವರಿಗೆ ಬಾಯಿ ಒಣಗುತ್ತದೆ. ಮೇಲಿನವರಿಗೆ ಅಂಥ ಭಯ ಇಲ್ಲವೆಂದು ತಿಳಿಯಬಾರದು. ‘ಮರ ಸಾಕು ಅಂದ್ರೆ ಗೊತ್ತಾಗ್ತದೆ ಅಯ್ಯಾ, ಅದ್ರ ಮೈ ನಡುಗೋದೇ ಬೇರೆ’ ಎಂದು ನಮ್ಮ ತೋಟಕ್ಕೆ ಬರುತ್ತಿದ್ದವರು ಒಮ್ಮೆ ಅಪ್ಪನಿಗೆ ಹೇಳಿದ್ದು ನೆನಪಿದೆ. ಆ ಮರವನ್ನು ಅವರು ಆ ವರ್ಷ ಬಿಟ್ಟರು. ಮೊದಲ ಮಳೆ ಬಿದ್ದು ಕಾಂಡಕ್ಕೆ ಪಾಚಿ ಕಟ್ಟಿದರೆ ತಳೆ ಜಾರುತ್ತದೆ. ಹಾಗಾಗಿ ಕೊಟ್ಟೆ ಕಟ್ಟಲು ಸಿಗುವ ದಿನಗಳು ಬಹಳ ಕಡಿಮೆ. ಎಲ್ಲ ತೋಟಗಳಿಗೂ ಅದೇ ದಿನಗಳು, ಅದೇ ಕೆಲವೇ ಕೊನೆಗೌಡರು. ಬಿದ್ದು ಸೊಂಟ ಮುರಿದುಕೊಂಡವರು, ಜೀವ ಕಳೆದುಕೊಂಡವರು ನಮ್ಮ ಸೀಮೆಯ ಊರೂರಲ್ಲೂ ಇದ್ದಾರೆ. ಅಡಿಕೆಯ ಬೆಲೆ ಕ್ವಿಂಟಾಲ್ ಲೆಕ್ಕದಲ್ಲಿ ಪ್ರತಿದಿನ ಪತ್ರಿಕೆಯಲ್ಲಿ ಬರುತ್ತದೆ. ಇವರ ಲೆಕ್ಕ ಎಲ್ಲಿಯೂ ಬರುವುದಿಲ್ಲ, ಅದು ನನ್ನನ್ನು ಬಹಳ ಕಾಡುತ್ತದೆ.

ಹೆಣೆದ ಕೈಗಳೆಲ್ಲ ತೋಟದ ಒಡೆಯರ ಕೈಗಳೇ ಆಗಿರಲಿಲ್ಲ ಎಂಬುದನ್ನೂ ಹೇಳಲೇಬೇಕು. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಭೂಮಾಲೀಕರ ಎದುರು ಸತ್ಯಾಗ್ರಹ ಹೂಡಿದರು. ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರವೇ ಆ ಜಗಳದ ಕಿಡಿ. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. 1974ರ ಭೂಸುಧಾರಣೆ ತಿದ್ದುಪಡಿಯ ಬಳಿಕ ಎಷ್ಟೋ ಗೇಣಿದಾರರು ತಾವು ಉತ್ತ ನೆಲಕ್ಕೆ ತಾವೇ ಒಡೆಯರಾದರು. ಹಿಂದೆ ಬೇರೆಯವರ ಜಗಲಿಯಲ್ಲಿ ಕೂತು ಕೊಟ್ಟೆ ಹೆಣೆದವರ ಮಕ್ಕಳು ಸ್ವಂತ ಅಡಿಕೆ ಗಿಡ ನೆಟ್ಟರು. ಆಳು ಸಿಗುವುದಿಲ್ಲ ಎಂದು ಗೊಣಗುವ ನಮ್ಮವರು ಈ ಸಂತೋಷದ ಕಾರಣವನ್ನೂ ನೆನೆಯುವುದು ಒಳ್ಳೆಯದು.

ಘಟ್ಟದ ಕೆಳಗೆ ಇನ್ನೊಂದು ಬಗೆಯ ಹೆಣಿಗೆ, ಹೊಲಿಗೆ ಇತ್ತು. ನಮ್ಮ ಅಡಿಕೆ, ಮೆಣಸು ಎತ್ತಿನ ಮೇಲೆ ಘಟ್ಟ ಇಳಿದು ಗೇರುಸೊಪ್ಪೆಗೆ ಹೋಗಿ, ಅಲ್ಲಿಂದ ಶರಾವತಿಯ ಮೇಲೆ ದೋಣಿಯಲ್ಲಿ ಹೊನ್ನಾವರ ಮುಟ್ಟಿ, ಹಾಯಿ ಹಡಗು ಏರುತ್ತಿದ್ದ ಕಾಲವದು. ಅಲ್ಲಿಯ ಹಾಯಿ ಗಾಳಿಯನ್ನು ಹಿಡಿಯುವ ಬಟ್ಟೆ, ಇಲ್ಲಿಯ ಕೊಟ್ಟೆ ಗಾಳಿಯನ್ನು ಬಿಟ್ಟುಕೊಡುವ ಹುಲ್ಲು. ಕರಾವಳಿಯವರು ಮಳೆಗಾಲ ಬಂತೆಂದರೆ ಹಾಯಿ ಬಿಚ್ಚಿ ಮಡಚಿ ಒಳಗಿಟ್ಟು, ದೋಣಿ ದಡಕ್ಕೆಳೆದು ಸೋಗೆ ಹೊದಿಸುತ್ತಿದ್ದರು. ಸರಿಯಾಗಿ ಆ ಹೊತ್ತಿಗೇ ಘಟ್ಟದ ಮೇಲಿನವರು ಕೊಟ್ಟೆ ಏರಿಸುತ್ತಿದ್ದರು. ಒಂದೇ ಪಡುವಣ ಗಾಳಿಗೆ ಹೆದರಿ ಒಂದು ಕಡೆ ಇಳಿಸುವುದು, ಇನ್ನೊಂದು ಕಡೆ ಏರಿಸುವುದು. ಎರಡೂ ಕಡೆಯವರ ಕೈಯಲ್ಲಿ ಇದ್ದದ್ದು ಮಾತ್ರ ಅದೇ ದಬ್ಬಣ, ಅದೇ ಹುರಿ.

ಮಲೆನಾಡಿನವರು ಮಳೆಗೆ ಹೊದಿಸದೆ ಬಿಟ್ಟದ್ದು ಯಾವುದೂ ಇರಲಿಲ್ಲ. ನೆಟ್ಟಿ ಮಾಡುವ ಹೆಂಗಸರಿಗೆ ಗೊರಬು. ಬಿದಿರಿನ ಸೀಳುಗಳ ಹೆಣಿಗೆ, ನಡುವೆ ಎಲೆಯ ಪದರ, ಆಮೆಯ ಚಿಪ್ಪಿನಂಥ ಆಕಾರ. ತಲೆಯಿಂದ ಬೆನ್ನಿನುದ್ದಕ್ಕೂ ಮುಚ್ಚುತ್ತದೆ, ಎರಡೂ ಕೈ ಸಸಿಗೆ ಬಿಡುವಾಗಿರುತ್ತವೆ. ಗಂಡಸರಿಗೆ ಕಂಬಳಿಕೊಪ್ಪೆ. ಬಯಲುಸೀಮೆಯ ನೇಕಾರರು ಹುಣಸೆ ಬೀಜದ ಗಂಜಿ ಹಾಕಿ ಗಟ್ಟಿ ಮಾಡಿದ ಕಂಬಳಿ ಅದು. ಮಣ್ಣಿನ ಗೋಡೆಗೆ ಸೋಗೆಯ ತಟ್ಟಿ. ಕೊಟ್ಟೆ ಈ ಸಂಸಾರದ ಕಿರಿಯ ಕೂಸು. ಗೊರಬನ್ನು ಈಗ ವಸ್ತುಸಂಗ್ರಹಾಲಯದಲ್ಲಿ, ಹೋಂಸ್ಟೇಗಳ ಗೋಡೆಯ ಮೇಲೆ ನೋಡಬಹುದು. ಕರಡದ ಕೊಟ್ಟೆಗೆ ಆ ಭಾಗ್ಯವೂ ಇಲ್ಲ.

ಅದನ್ನು ಮೂಲೆಗೆ ಸರಿಸಿದ್ದು ಒಂದೇ ಕಾರಣವಲ್ಲ. ಪ್ಲಾಸ್ಟಿಕ್ ಕೊಟ್ಟೆ ಬಂತು. ಅಂಗಡಿಯಲ್ಲಿ ಕಟ್ಟುಗಟ್ಟಲೆ ಸಿಗುತ್ತದೆ, ಹಗುರ, ಕೊನೆಗೌಡ ಒಂದೇ ಸಲಕ್ಕೆ ನೂರಾರು ಒಯ್ಯಬಹುದು, ಬೇಸಿಗೆಯೆಲ್ಲ ಹೆಣೆಯುತ್ತ ಕೂರಬೇಕಿಲ್ಲ. ಇಷ್ಟು ಅನುಕೂಲವನ್ನು ಯಾರೂ ಅಲ್ಲಗಳೆಯಲಾರರು, ನಾನೂ. ಜೊತೆಗೆ ಕರಡವೇ ಹೋಯಿತು. ಬೇಣಗಳು ತೋಟವಾದವು, ಇನ್ನಷ್ಟು ಅಕೇಶಿಯಾ ನೆಡುತೋಪಾದವು. ಭದ್ರಾವತಿಯ ಕಾಗದ ಕಾರ್ಖಾನೆಗೆ 1980ರಲ್ಲಿ 40 ವರ್ಷದ ಗುತ್ತಿಗೆಗೆ ಕೊಟ್ಟ ನೆಲದಲ್ಲಿ ಈ ಮೂರು ತಾಲ್ಲೂಕುಗಳ ಗುಡ್ಡಗಳೂ ಇದ್ದವು. ಅಕೇಶಿಯಾದ ಬುಡದಲ್ಲಿ ಹುಲ್ಲು ಬೆಳೆಯುವುದಿಲ್ಲ. ಅದಕ್ಕೂ ಮೊದಲು, 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದಾಗ, ಸಾಗರ ಮತ್ತು ಹೊಸನಗರದ ಎಷ್ಟೋ ಊರು, ತೋಟ, ಬೇಣ ಎಲ್ಲ ಒಟ್ಟಿಗೆ ನೀರಿನಡಿ ಹೋಗಿದ್ದವು. ಈಚೆಗೆ ಕಾರ್ಬನ್ ಫೈಬರ್ ದೋಟಿ ಬಂದಿದೆ. ನೆಲದ ಮೇಲೆ ನಿಂತೇ ಮದ್ದು ಹೊಡೆಯಬಹುದು, ಕೊನೆ ಕೊಯ್ಯಬಹುದು. ಜೀವ ಉಳಿಸುವ ಸಾಧನ ಅದು, ನಾನು ಅದನ್ನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ದೋಟಿಯ ತುದಿಯಿಂದ ಕೊನೆಯ ಕುತ್ತಿಗೆಗೆ ಗಂಟು ಹಾಕುವುದು ಕಷ್ಟ. ಹೀಗೆ ಕೊಟ್ಟೆ ಕಟ್ಟುವುದೇ ಬೇಡವೆಂದು ಮದ್ದನ್ನೇ ನಂಬಿದವರು ಹೆಚ್ಚಾಗುತ್ತಿದ್ದಾರೆ. ಈಗ ಎಲೆಚುಕ್ಕಿ ರೋಗವೂ ಸೇರಿಕೊಂಡು ಮದ್ದಿನ ಸರದಿ ಇನ್ನೂ ಉದ್ದವಾಗಿದೆ.

ಪ್ಲಾಸ್ಟಿಕ್ಕಿಗೆ ಬದಲಾದ ಮೊದಲ ವರ್ಷಗಳಲ್ಲಿ ನಾವೊಂದು ತಪ್ಪು ಮಾಡಿದೆವು. ಕಟ್ಟುವವರು ಸಿಗದೆ ಆರಿದ್ರೆ ಅರ್ಧ ಕಳೆದ ಮೇಲೆ ಕೆಳಗಿನ ತೋಟಕ್ಕೆ ಕೊಟ್ಟೆ ಹಾಕಿಸಿದೆವು. ಮಳೆ ತಾಗುವುದಿಲ್ಲವಲ್ಲ ಎಂಬ ಧೈರ್ಯ ನಮ್ಮದು. ರೋಗ ಆಗಲೇ ಕೊನೆ ಸೇರಿತ್ತು. ತೆಳು ಪ್ಲಾಸ್ಟಿಕ್ಕಿನ ಒಳಮೈಗೆ ಹನಿ ಕಟ್ಟಿ, ಬೆಚ್ಚಗಿನ ಆ ತೇವದಲ್ಲಿ ಅದು ಇನ್ನಷ್ಟು ಬೇಗ ಹಬ್ಬಿತು. ಕೊಟ್ಟೆ ಬಿಚ್ಚಿದಾಗ ಒಳಗೆ ಉಳಿದದ್ದು ಬರೀ ಕಡ್ಡಿ. ಮಳೆಗೆ ಮೊದಲೇ ಕಟ್ಟಬೇಕು ಎಂಬುದು ಅಜ್ಜನ ಕಾಲದ ನಿಯಮ. ವಸ್ತು ಹೊಸದಾದರೆ ನಿಯಮವೂ ಬದಲಾಗುತ್ತದೆ ಎಂದುಕೊಂಡದ್ದು ನಮ್ಮದೇ ತಪ್ಪು. ಅಪ್ಪ ಆ ವರ್ಷ ಉದುರಿದ ಕಾಯಿ ಹೆಕ್ಕಿ ತೋಟದಿಂದ ಹೊರಗೆ ಹಾಕುತ್ತ ಒಂದು ಮಾತೂ ಆಡಲಿಲ್ಲ.

ಹೋದ ವರ್ಷ ಭೂಮಿ ಹುಣ್ಣಿಮೆಗೆ ಊರಿಗೆ ಹೋಗಿದ್ದೆ. ಕೊಟ್ಟೆ ಬಿಚ್ಚುವ ಕೆಲಸ ಮುಗಿದಿತ್ತು. ಮನೆಯ ಹತ್ತಿರದ ಎಂಟು ಹತ್ತು ಮರಗಳಿಗೆ ಮಾತ್ರ ಅಪ್ಪ ಇವತ್ತಿಗೂ ಕರಡದ ಕೊಟ್ಟೆಯನ್ನೇ ಹೆಣೆದು ಕಟ್ಟಿಸುತ್ತಾರೆ. ಹುಲ್ಲು ತರಲು ಎರಡು ಊರು ದಾಟಿ ಹೋಗಬೇಕು. ಅವನ್ನು ಅಂಗಳದಲ್ಲಿ ಹರಡಿ, ಕನ್ನಡಕ ಏರಿಸಿ, ಒಂದೊಂದರ ಕುತ್ತಿಗೆ ಹಿಡಿದು ನೋಡುತ್ತಿದ್ದರು. ಹದಿನೇಳು ಅಟ್ಟಕ್ಕೆ ಹೋದವು, ಉಳಿದವು ಗೊಬ್ಬರದ ಗುಂಡಿಗೆ. ಹರಿದ ಪ್ಲಾಸ್ಟಿಕ್ ಕೊಟ್ಟೆಗಳ ದೊಡ್ಡ ಕಂತೆಯೊಂದು ಕೊಟ್ಟಿಗೆಯ ಗೋಡೆಗೆ ಒರಗಿತ್ತು. ‘ಇದನ್ನೇನು ಮಾಡ್ತೆ?’ ಎಂದು ಅಪ್ಪ ನನ್ನನ್ನು ಕೇಳಿದರು. ನಾನು ಬೆಂಗಳೂರಿಗೆ ಬಸ್ ಹತ್ತುವಾಗಲೂ ಅದು ಅಲ್ಲೇ ಇತ್ತು.